ಹಾವಿನ ಚೀಲದ ಹೊಲಿಗೆ

ನಮ್ಮಣ್ಣನ ಎಡಗೈ ತೋರುಬೆರಳು ಅರ್ಧ ಮಾತ್ರ ಇದೆ. ಉಳಿದರ್ಧ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ, "ಅದಿನ್ನೂ ಡ್ಯೂಟೀಲಿದೆ, ರಜೆ ಸಿಕ್ಕಿಲ್ಲ" ಅನ್ನುತ್ತಾನೆ. ಕೇಳಿದವರು ಬಿದ್ದು ಬಿದ್ದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆ ಬೆರಳು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಕೂತಿದ್ದವರು ನಾನು ಮತ್ತು ಅತ್ತಿಗೆ. ನಗುವಂಥದ್ದು ಅಲ್ಲೇನೂ ಇರಲಿಲ್ಲ. ಈಗ ಬೀದಿಯ ಮಕ್ಕಳಿಂದ ಹಿಡಿದು ಪೋಸ್ಟ್‌ಮ್ಯಾನ್‌ವರೆಗೆ ಎಲ್ಲರೂ ಅವನನ್ನು 'ಅರ್ಧಬೆರಳು' ಅಂತಲೇ ಕರೆಯುತ್ತಾರೆ. ಅವನೂ ಓಗೊಡುತ್ತಾನೆ.

ಅಣ್ಣನ ಕೆಲಸ ವಿಷದ ಹಾವುಗಳಿಂದ ವಿಷ ತೆಗೆಯುವುದು. ಹಾವು ಕಚ್ಚಿದವರಿಗೆ ಕೊಡುವ ಮದ್ದನ್ನು ತಯಾರಿಸುವ ಸಂಸ್ಥೆಯೊಂದು ನಮ್ಮ ಬೀದಿ ದಾಟಿ, ರೈಲು ಹಳಿ ದಾಟಿದರೆ ಸಿಗುತ್ತದೆ. ಎತ್ತರದ ಕಾಂಪೌಂಡು, ಒಳಗೆ ಕುದುರೆ ಲಾಯ, ಲಾಯದ ಹಿಂದೆ ಹಾವಿನ ಕೋಣೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕುದುರೆಗಳಿಗೆ ಹುಲ್ಲು ಹಾಕಲು ಸೇರಿಕೊಂಡವನು ಒಂದು ದಿನ ಆ ಕೋಣೆಯ ಕಿಟಕಿಯಲ್ಲಿ ಇಣುಕಿ ನೋಡಿದ. ಅಷ್ಟೇ. ಅಲ್ಲಿಗೆ ಇವನ ಕಥೆ ಮುಗಿಯಿತು ಎಂದು ಅಮ್ಮ ಹಣೆ ಚಚ್ಚಿಕೊಂಡಳು. ಮರುವಾರವೇ ಅವನು ಅರ್ಜಿ ಕೊಟ್ಟು ಕೆಲಸ ಬದಲಿಸಿಕೊಂಡ.

ಅವತ್ತು ಕಿಟಕಿಯಲ್ಲಿ ಏನು ಕಂಡಿತು ಅನ್ನುವುದನ್ನು ಅವನು ನನಗೆ ನೂರು ಸಲವಾದರೂ ಹೇಳಿದ್ದಾನೆ. ಗಾಜಿನ ಲೋಟದ ಬಾಯಿಗೆ ತೆಳು ರಬ್ಬರ್ ಹಾಳೆ ಬಿಗಿದಿತ್ತಂತೆ. ಅಲ್ಲಿದ್ದ ಹಳೆಯ ಕೆಲಸಗಾರ ಒಂದು ಕೊಳಕುಮಂಡಲದ ತಲೆ ಹಿಡಿದು ಆ ಹಾಳೆಯ ಮೇಲಿಟ್ಟನಂತೆ. ಹಲ್ಲೆರಡೂ ಹಾಳೆ ತೂರಿ ಒಳಗಿಳಿದು, ಗಾಜಿನ ಒಳಮೈಯಲ್ಲಿ ಹಳದಿ ಹನಿ ಜಾರಿತಂತೆ.

"ಇಷ್ಟೇ ಇಷ್ಟು ಕಣೇ" ಅನ್ನುತ್ತಿದ್ದ, ಕಿರುಬೆರಳ ತುದಿ ತೋರಿಸಿ. "ಅಷ್ಟರಲ್ಲಿ ಒಬ್ಬ ಗಟ್ಟಿ ಆಳು ಹೋಗಿಬಿಡ್ತಾನೆ. ಅದನ್ನೇ ಕುದುರೆಗೆ ಒಂಚೂರು ಒಂಚೂರೇ ಕೊಡ್ತಾ ಬಂದ್ರೆ, ಅದರ ರಕ್ತದಲ್ಲಿ ವಿಷಕ್ಕೆ ಎದುರು ನಿಲ್ಲೋ ಶಕ್ತಿ ಹುಟ್ಟುತ್ತೆ. ಆ ರಕ್ತದಿಂದ ಮದ್ದು. ಆದ್ರೆ ಮೊದಲನೇ ಹನಿ ಹಾವೇ ಕೊಡ್ಬೇಕು. ಅದಿಲ್ಲ ಅಂದ್ರೆ ಇಷ್ಟು ದೊಡ್ಡ ಕಟ್ಟಡ, ಇಷ್ಟು ಕುದುರೆ, ಇಷ್ಟು ಡಾಕ್ಟರುಗಳು, ಎಲ್ಲಾ ದಂಡ."

"ಕೊಡ್ತು ಬಿಡು, ಅನ್ನ ಆರಿಹೋಗ್ತಿದೆ, ಮೊದಲು ಉಣ್ಣು" ಅನ್ನುತ್ತಿದ್ದೆ ನಾನು.

ನಾನು ದರ್ಜಿ. ಮೂವತ್ತು ವರ್ಷದಿಂದ ಇದೇ ಬೀದಿಯ ತಿರುವಿನಲ್ಲಿ, ಆರಡಿ ಅಗಲದ ಅಂಗಡಿಯಲ್ಲಿ ಹೊಲಿಯುತ್ತಿದ್ದೇನೆ. ಶಾಲೆಯ ಸಮವಸ್ತ್ರ, ಅಂಗಿ, ಪರದೆ, ದಿಂಬಿನ ಗವಸು, ಯಾವುದೂ ಆಗಬಹುದು. ನನ್ನ ಬಾಯಿ ಜೋರು, ಒಪ್ಪುತ್ತೇನೆ. ಆದರೆ ನಾನು ಹೊಲಿದ ಬಟ್ಟೆಯನ್ನು ಒಳಮೈ ತಿರುಗಿಸಿ ನೋಡಿದ ಬೇರೆ ದರ್ಜಿಗಳೂ ಬಾಯಿ ಮುಚ್ಚಿಕೊಂಡು ಹೋಗಿದ್ದಾರೆ. ನೂಲು ಕತ್ತರಿಸುವ ಪುಟ್ಟ ಕತ್ತರಿಯೊಂದು ದಾರದಲ್ಲಿ ನನ್ನ ಕೊರಳಿಗೆ ಸದಾ ನೇತಾಡುತ್ತಿರುತ್ತದೆ. ಊಟ ಮಾಡುವಾಗಲೂ ತೆಗೆಯುವುದಿಲ್ಲ.

ಹಾವು ಕಂಡರೆ ನನಗಾಗುತ್ತಿರಲಿಲ್ಲ. ಹೆದರಿಕೆಯೇ, ಇನ್ನೇನು? ಬೀದಿಯಲ್ಲಿ ಯಾರ ಮನೆಗೆ ಹಾವು ಬಂದರೂ ಜನ ಕೋಲು ಹುಡುಕುತ್ತಿದ್ದರು, ಅಷ್ಟರಲ್ಲಿ ಅಣ್ಣ ತನ್ನ ಕೊಕ್ಕೆ ಕೋಲು ಹಿಡಿದು ಓಡುತ್ತಿದ್ದ. "ಅದು ನಿಮ್ಮನ್ನ ಹುಡುಕ್ಕೊಂಡು ಬಂದಿಲ್ಲ ಸ್ವಾಮಿ, ಇಲಿ ಹುಡುಕ್ಕೊಂಡು ಬಂದಿದೆ. ಮೂಲೇಲಿ ಕಸ ಗುಡ್ಡೆ ಹಾಕಿ ಇಲಿ ಸಾಕಿದವರು ಯಾರು?" ಎಂದು ಮನೆಯವರನ್ನೇ ಗದರಿಸುತ್ತಿದ್ದ. ಒಂದು ಹಾವು ವರ್ಷಕ್ಕೆ ಎಷ್ಟು ಇಲಿ ತಿನ್ನುತ್ತದೆ, ಆ ಇಲಿಗಳು ಬದುಕಿದ್ದರೆ ಎಷ್ಟು ಚೀಲ ದವಸ ತಿನ್ನುತ್ತಿದ್ದವು, ಎಲ್ಲ ಅವನ ನಾಲಿಗೆ ತುದಿಯಲ್ಲೇ. ಹಾವಿನ ಕೋಣೆಯಲ್ಲಿ ಪ್ರತಿಯೊಂದು ಹಾವಿಗೂ ಒಂದು ಚೀಟಿ: ಎಲ್ಲಿ ಸಿಕ್ಕಿತು, ತೂಕ ಎಷ್ಟು, ಎಷ್ಟು ಸಲ ವಿಷ ತೆಗೆದರು, ಯಾವತ್ತು ಬಿಟ್ಟರು. ಮೂರು ನಾಲ್ಕು ಸಲ ವಿಷ ತೆಗೆದ ಮೇಲೆ ಹಾವು ಸಿಕ್ಕಿದ ಜಾಗಕ್ಕೇ ಹೋಗಿ ಬಿಡಬೇಕು. ಪಕ್ಕದ ಹೊಲವೂ ಆಗದು. ಅದರ ಬಿಲ, ಅದರ ನೀರು, ಅದರ ದಾರಿ ಎಲ್ಲ ಅಲ್ಲೇ ಇರುತ್ತದೆ, ಬೇರೆಡೆ ಬಿಟ್ಟರೆ ಅಲೆದು ಸಾಯುತ್ತದೆ ಅನ್ನುತ್ತಿದ್ದ.

ಬೆರಳು ಹೋದದ್ದು ಹದಿನೆಂಟು ವರ್ಷದ ಹಿಂದೆ. ಪೆಟ್ಟಿಗೆ ತೊಳೆಯುವಾಗ ಒಂದು ಕೊಳಕುಮಂಡಲ ಕಚ್ಚಿತು. ಅವನೇ ತೆಗೆದ ವಿಷದಿಂದ ತಯಾರಾದ ಮದ್ದನ್ನೇ ಅವನಿಗೆ ಏರಿಸಿದರು. ಅರ್ಧ ಬೆರಳು ಕೊಳೆತು ಕತ್ತರಿಸಬೇಕಾಯಿತು, ಜೀವ ಉಳಿಯಿತು, ಆದರೆ ಆ ಮದ್ದು ಅವನ ಮೈಗೆ ಒಗ್ಗಲಿಲ್ಲ. ಮುಖ ಕುಂಬಳಕಾಯಿಯಂತೆ ಊದಿತು, ಉಸಿರು ಕಟ್ಟಿತು, ಎರಡು ಸಲ ಆಸೆ ಬಿಟ್ಟೆವು. ಹಾವಿನ ಕೋಣೆಯ ಮೇಲ್ವಿಚಾರಕಿ ಡಾಕ್ಟರಮ್ಮ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಬಿಡಿಸಿ ಹೇಳಿದರು: "ಇನ್ನೊಂದು ಸಲ ಕಚ್ಚಿಸ್ಕೊಂಡ್ರೆ ಕಷ್ಟ. ಮದ್ದು ಕೊಡದಿದ್ರೆ ವಿಷ ಕೊಲ್ಲುತ್ತೆ, ಕೊಟ್ರೆ ಮದ್ದೇ ಕೊಲ್ಲಬಹುದು. ನಿಮ್ಮಣ್ಣನಿಗೆ ನೀವಾದ್ರೂ ಹೇಳಿ."

ಹೇಳಿದೆ. ಅತ್ತು ಕೂಗಾಡಿದೆ, ಅಮ್ಮನ ಆಣೆ ಹಾಕಿದೆ. ನಾಲ್ಕು ತಿಂಗಳಿಗೆ ಅವನು ಹಾವಿನ ಕೋಣೆಗೇ ವಾಪಸಾದ. ನಾನು ಅವನ ಜೊತೆ ಮಾತು ಬಿಟ್ಟೆ. ಒಂದು ವರ್ಷ ಪೂರ್ತಿ ಅವನು ವಾರಕ್ಕೊಮ್ಮೆ ಅಂಗಡಿಗೆ ಬರುತ್ತಿದ್ದ, ಗುಂಡಿ ಕಿತ್ತ ಅಂಗಿ ಮೇಜಿನ ಮೇಲಿಟ್ಟು ನಿಲ್ಲುತ್ತಿದ್ದ. ನಾನು ಗುಂಡಿ ಹೊಲಿದು, ಮುಖ ನೋಡದೆ ಅಂಗಿ ಎಸೆಯುತ್ತಿದ್ದೆ. ಗುಂಡಿಗಳನ್ನು ಅವನೇ ಬ್ಲೇಡಿನಲ್ಲಿ ಕೊಯ್ದುಕೊಂಡು ಬರುತ್ತಿದ್ದನೆಂದು ಅತ್ತಿಗೆ ಆಮೇಲೆ ಹೇಳಿದಳು. ಅಂಥವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಾದೀತು?

ಚೀಲದ ವಿಷಯ ಬಂದದ್ದು ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ. ಹಾವನ್ನು ಒಯ್ಯಲು ಹತ್ತಿಬಟ್ಟೆಯ ಉದ್ದನೆಯ ಚೀಲ ಬೇಕು. ಹೊರಗಿನಿಂದ ತರಿಸಿದ ಚೀಲಗಳು ಎರಡು ತಿಂಗಳಿಗೇ ಪಿಸಿಯುತ್ತಿದ್ದವು. "ನೀನು ಹೊಲಿದುಕೊಡು. ಎರಡು ಡಜನ್. ಬಟ್ಟೆ ನಾನು ತಂದುಕೊಡ್ತೀನಿ. ಒಂದೇ ಮಾತು ನೆನಪಿಟ್ಕೋ, ಹೊಲಿಗೆ ಹೊರಗಿರಲಿ" ಎಂದ ಅಣ್ಣ.

"ಹೊಲಿಗೆ ಹೊರಗಾ? ಅಂಚು, ನೂಲು ಎಲ್ಲ ಹೊರಗೆ ಕಾಣೋ ಹಾಗಾ? ತಲೆ ನೆಟ್ಟಗಿದೆಯಾ ನಿಂಗೆ?"

"ಹೊರಗೇ ಇರಲಿ ಅಂದೆನಲ್ಲ" ಎಂದು ಸೈಕಲ್ ಹತ್ತಿ ಹೋಗಿಬಿಟ್ಟ. ಯಾಕೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡಸರಿಗೆ ಬಟ್ಟೆಯ ಒಳ ಯಾವುದು ಹೊರ ಯಾವುದು ಅಂತ ಎಲ್ಲಿ ಗೊತ್ತಾಗುತ್ತದೆ, ಬಾಯಿತಪ್ಪಿ ಹೇಳಿರುತ್ತಾನೆ ಎಂದುಕೊಂಡೆ. ಹೊಲಿಗೆ ಹೊರಗೆ ಕಾಣುವ ಹಾಗೆ ಸಾಮಾನು ಕೊಟ್ಟರೆ ಆ ಸಂಸ್ಥೆಯ ಜನ ನನ್ನ ಬಗ್ಗೆ ಏನೆಂದುಕೊಳ್ಳಬೇಕು! ಶಾಲೆಯ ಅಂಗಿಗಳಿಗೆ ತಂದಿದ್ದ ಆಕಾಶನೀಲಿ ನೂಲು ಉಳಿದಿತ್ತು, ಎಳೆದರೂ ಹರಿಯದ ಗಟ್ಟಿ ನೂಲು. ಅದರಲ್ಲೇ ಎರಡೆರಡು ಸಾಲು ಹೊಲಿದೆ. ಹೊಲಿದ ಮೇಲೆ ಪ್ರತಿ ಚೀಲವನ್ನೂ ಮಗುಚಿ, ಹೊಲಿಗೆಯನ್ನೆಲ್ಲ ಒಳಗೆ ಹಾಕಿ, ಮೂಲೆ ಎತ್ತಿ, ಇಸ್ತ್ರಿ ಮಾಡಿ ಮೊದಲ ಡಜನ್ ಕಳಿಸಿದೆ. ನೋಡಲು ಎಷ್ಟು ಚಂದ ಇದ್ದವೆಂದರೆ, ದಿಂಬಿಗೆ ಹಾಕಿದ್ದರೂ ಒಪ್ಪುತ್ತಿತ್ತು.

ಹತ್ತು ದಿನ ಬಿಟ್ಟು ಎರಡನೇ ಡಜನ್ ಹಿಡಿದುಕೊಂಡು ನಾನೇ ಹೋದೆ. ಮಧ್ಯಾಹ್ನದ ಹೊತ್ತು. ಹಾವಿನ ಕೋಣೆಯ ಬಾಗಿಲ ತನಕ ಅದೇ ಮೊದಲ ಸಲ ಹೋದದ್ದು. ಗೋಡೆಗೆ ಮರದ ಪೆಟ್ಟಿಗೆಗಳ ಸಾಲು, ಪ್ರತಿಯೊಂದಕ್ಕೂ ಬೀಗ, ಬೀಗದ ಪಕ್ಕ ಚೀಟಿ. ನಡುವೆ ಒಂದು ಉದ್ದ ಮೇಜು. ಮೇಜಿನ ಆಚೆ ಅಣ್ಣ, ಈಚೆ ಅವನ ಜೊತೆ ಕೆಲಸ ಮಾಡುವ ದಪ್ಪ ಮೀಸೆಯವನು. ಇಬ್ಬರ ಕೈಯಲ್ಲೂ ಒಂದೇ ಹಾವು. ಅಣ್ಣನ ಬಲಗೈಯಲ್ಲಿ ತಲೆ, ಎಡಗೈಯಲ್ಲಿ ಕೊರಳ ಕೆಳಗಿನ ಭಾಗ. ಮೀಸೆಯವನು ಎರಡೂ ಕೈಯಲ್ಲಿ ಮೈ ಹಿಡಿದಿದ್ದ. ನನ್ನ ತೋಳಿನಷ್ಟು ದಪ್ಪದ ಹಾವು.

ಅಣ್ಣ ತಲೆ ಎತ್ತದೆ ಕೇಳಿದ. "ಕತ್ತರಿ ಕೊರಳಲ್ಲಿದೆಯಾ?"

"ಇದೆ."

"ಹಾಗಾದ್ರೆ ಚೀಲ ಅಲ್ಲೇ ಇಟ್ಟು ಒಳಗೆ ಬಾ. ಮೆಲ್ಲಗೆ. ಬಾಗಿಲು ಹಾಕು."

ಅದು ಕಲ್ಲುಕ್ವಾರಿಯ ಇಳಿಜಾರಿನಲ್ಲಿ ಸಿಕ್ಕಿದ ಕೊಳಕುಮಂಡಲ, ತುಂಬು ಬಸುರಿ. ಬಸುರಿ ಹಾವಿನಿಂದ ವಿಷ ತೆಗೆಯುವಂತಿಲ್ಲ. ಸಂಜೆಗೆ ಅಲ್ಲಿಗೇ ಒಯ್ದು ಬಿಡುವುದೆಂದು ಬೆಳಿಗ್ಗೆ ಅದನ್ನು ಚೀಲಕ್ಕೆ ಹಾಕಿದ್ದರು. ಮೇಜು ತಾಗಿದರೆ ಸಾಕು, ಟೈರಿನಿಂದ ಗಾಳಿ ಬಿಟ್ಟಂತೆ ಬುಸುಗುಡುವ ಹಾವು ಮಧ್ಯಾಹ್ನ ಚೀಲ ಎತ್ತಿದರೂ ಸುಮ್ಮನಿತ್ತಂತೆ. ಆ ಸದ್ದಿಲ್ಲದ್ದಕ್ಕೇ ಅಣ್ಣನಿಗೆ ಗಾಬರಿಯಾಗಿ ಬಿಚ್ಚಿ ನೋಡಿದ್ದ. ತಲೆಯ ಹಿಂದೆ, ಕುತ್ತಿಗೆಯ ಸುತ್ತ ಎರಡು ಸುತ್ತು ನೂಲು ಬಿಗಿದುಕೊಂಡು ಹುರುಪೆಗಳ ಕೆಳಗೆ ಹೂತುಹೋಗಿತ್ತು. ಹಾವು ಮುಂದೆ ನುಸುಳಿದಷ್ಟೂ ಅದು ಬಿಗಿದಿತ್ತು. ತಲೆ ಊದಿತ್ತು.

ಹತ್ತಿರ ಹೋದೆ. ಆಕಾಶನೀಲಿ ನೂಲು.

ಮೇಜಿನ ಮೇಲೆ ನಾನು ಹೊಲಿದ ಚೀಲ ಒಳಮೈ ಹೊರಗಾಗಿ ಬಿದ್ದಿತ್ತು. ಅಂಚಿನಿಂದ ಬಿಚ್ಚಿಕೊಂಡ ನೂಲಿನ ಎಳೆ ನೇರ ಆ ಕುತ್ತಿಗೆಗೆ ಹೋಗಿತ್ತು. ಹೊಲಿಗೆ ಹೊರಗಿರಲಿ ಎಂದು ಯಾಕೆ ಹೇಳಿದ್ದ ಅನ್ನುವುದು ಆಗ ತಲೆಗೆ ಹೋಯಿತು. ಅಯ್ಯೋ ನನ್ನ ಅಂದ ಚಂದಕ್ಕೆ ಬೆಂಕಿ ಹಾಕ.

"ಡಾಕ್ಟರಮ್ಮ ಬರಲಿ ಅಣ್ಣ, ಮತ್ತು ಬರಿಸೋ ಔಷಧಿ ಕೊಡ್ತಾರೆ" ಎಂದೆ.

"ಅವರು ಬರೋದು ಸಂಜೆ. ಅಲ್ಲಿ ತನಕ ಇದು ಉಳಿಯಲ್ಲ, ಹೊಟ್ಟೇಲಿರೋವೂ ಉಳಿಯಲ್ಲ. ನಮ್ಮಿಬ್ಬರಿಗೂ ಕೈ ಬಿಡೋಕಾಗಲ್ಲ. ನೀನು ಕತ್ತರಿಸು."

"ಗ್ಲೌಸಾದ್ರೂ ಹಾಕ್ಕೋಬಾರದಿತ್ತಾ ನೀನು?"

"ಗ್ಲೌಸ್ ಹಾಕಿದ್ರೆ ಅದರ ಉಸಿರು ಕೈಗೆ ಗೊತ್ತಾಗಲ್ಲ. ಜಾಸ್ತಿ ಹಿಸುಕಿಬಿಡ್ತೀನಿ."

ಹಾವು ಸಾಯಲಿ ಬಿಡು ಎಂದು ಹೇಳಲು ಬಾಯಿ ತೆರೆದೆ, ಸುಳ್ಳು ಯಾಕೆ ಹೇಳಲಿ. ಒಂದು ಹಾವಿಗಾಗಿ ನನ್ನಣ್ಣ ಯಾಕೆ ಸಾಯಬೇಕು? ಮದ್ದು ಒಗ್ಗದ ಮೈ ಅವನದು. ಹಿಡಿತ ಒಂದು ಕೂದಲಿನಷ್ಟು ಜಾರಿದರೆ, ಕತ್ತರಿಯ ಮೊನೆ ತಾಗಿ ಹಾವು ಬೆಚ್ಚಿಬಿದ್ದರೆ, ಮುಗಿಯಿತು. ಅದೂ ನನ್ನ ನೂಲಿನಿಂದ. ಆದರೆ ಅವನು ಆಗ ತಲೆ ಎತ್ತಿ ನನ್ನ ಮುಖ ನೋಡಿದ. ಅಂಗಡಿಯಲ್ಲಿ ಗುಂಡಿ ಕಿತ್ತ ಅಂಗಿ ಹಿಡಿದು ನಿಲ್ಲುತ್ತಿದ್ದನಲ್ಲ, ಅದೇ ಮುಖ. ನಾನು ಕನ್ನಡಕ ಏರಿಸಿಕೊಂಡು ಬಗ್ಗಿದೆ.

ಅಷ್ಟು ಹತ್ತಿರದಿಂದ ನಾನು ಹಾವನ್ನೆಂದೂ ನೋಡಿರಲಿಲ್ಲ. ಕಣ್ಣು ಮುಚ್ಚಲು ಅದಕ್ಕೆ ರೆಪ್ಪೆ ಇಲ್ಲ. ಕಣ್ಣಿನ ನಡುವೆ ಸೂಜಿಯ ರಂಧ್ರದಂಥ ಉದ್ದನೆಯ ಸೀಳು, ಸುತ್ತ ಚಿನ್ನದ ಪುಡಿ ಉದುರಿಸಿದ ಬಣ್ಣ. ಬೆನ್ನ ಮೇಲೆ ಕಂದು ಮಂಡಲಗಳ ಮೂರು ಸಾಲು, ಒಂದೊಂದು ಮಂಡಲಕ್ಕೂ ಕಪ್ಪು ಅಂಚು, ಅದರಾಚೆ ಬಿಳಿಯ ತೆಳು ಗೆರೆ. ಅಚ್ಚಿನ ಬಟ್ಟೆ ಹೊಲಿಯುವಾಗ ಒಂದು ತೋಳಿನ ಹೂವನ್ನು ಇನ್ನೊಂದು ತೋಳಿನ ಹೂವಿಗೆ ಕೂಡಿಸಲು ನಾನು ಅರ್ಧ ದಿನ ಒದ್ದಾಡುತ್ತೇನೆ. ಇಲ್ಲಿ ತಲೆಯಿಂದ ಬಾಲದ ತನಕ ಒಂದೂ ತಪ್ಪಿರಲಿಲ್ಲ, ಹೊಲಿಗೆ ಅನ್ನುವುದೇ ಇರಲಿಲ್ಲ. ಭಯದ ನಡುವೆ ನನಗೆ ಮೊದಲು ಬಂದ ಯೋಚನೆ ಇದೇ: ಇದನ್ನು ಯಾವ ಕೈ ಮಾಡಿತು? ನನ್ನ ಇಷ್ಟು ವರ್ಷದ ಜಂಬವೆಲ್ಲ ಆ ಮೇಜಿನ ಮೇಲೆ ಜರ್ರನೆ ಇಳಿದುಹೋಯಿತು.

"ಉಸಿರು ಬಿಡು ಮಾರಾಯ್ತಿ, ನೀನೇ ಬಿದ್ದುಬಿಟ್ಟೀಯ" ಎಂದ ಮೀಸೆಯವನು.

ಎಡಗೈ ಉಗುರಿನಿಂದ ಒಂದು ಹುರುಪೆಯನ್ನು ಮೆಲ್ಲಗೆ ಎತ್ತಿದೆ. ಒರಟಾಗಿತ್ತು, ಒಣಗಿತ್ತು, ತಣ್ಣಗಿತ್ತು. ಲೋಳೆ ಇರುತ್ತದೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಕತ್ತರಿಯ ಒಂದು ಬಾಯನ್ನು ನೂಲಿನ ಕೆಳಗೆ ತೂರಿಸಿದೆ. ಹಾವಿನ ಮೈಯೆಲ್ಲ ಒಂದು ಸಲ ಬಿಗಿಯಿತು, ಮೀಸೆಯವನ ತೋಳು ನಡುಗಿತು, ಅಣ್ಣನ ಅರ್ಧಬೆರಳು ಬಿಳಚಿಕೊಂಡಿತು. ಹಾವಿನ ಬಾಯಿ ತೆರೆದುಕೊಂಡಿತು. ಮಡಚಿಕೊಂಡಿದ್ದ ಹಲ್ಲೆರಡು ಮುಂದೆ ಬಂದವು, ಅಣ್ಣನ ಹೆಬ್ಬೆರಳಿನಿಂದ ಒಂದು ಅಕ್ಕಿಕಾಳಿನಷ್ಟು ದೂರ. ಒಂದು ಹಲ್ಲಿನ ತುದಿಯಲ್ಲಿ ಹಳದಿ ಹನಿ ಮೂಡಿ ನಿಂತಿತು. ನೂರು ಸಲ ಕೇಳಿದ್ದ ಹನಿ ಅದೇ. ಅಣ್ಣನನ್ನು ಸಾಯಿಸಬಲ್ಲದ್ದೂ ಅದೇ, ಎಷ್ಟೋ ಮನೆಗಳಲ್ಲಿ ಎಷ್ಟೋ ಜನರನ್ನು ಬದುಕಿಸಿದ್ದೂ ಅದೇ. ನಾನು ಅದನ್ನು ನೋಡುವುದು ಬಿಟ್ಟು ನೂಲನ್ನು ನೋಡಿದೆ.

ಟಿಕ್. ಒಂದು ಸುತ್ತು ಬಿಟ್ಟಿತು. ಟಿಕ್. ಎರಡನೆಯದು.

ಹಾವು ಒಂದು ದೀರ್ಘ ಉಸಿರು ಎಳೆದುಕೊಂಡಿತು. ಅದರ ಪಕ್ಕೆ ಉಬ್ಬಿದ್ದು ನನಗೆ ಕಂಡಿತು. ಆಮೇಲೆ ಶುರುವಾಯಿತು ನೋಡಿ ಆ ಬುಸುಗುಟ್ಟುವಿಕೆ, ಕೋಣೆಯ ಗಾಜೆಲ್ಲ ಅದುರುವಂತೆ. ಅಣ್ಣ ನಕ್ಕುಬಿಟ್ಟ. ಪೆಟ್ಟಿಗೆಗೆ ಬಾಲ, ಮೈ, ಕೊನೆಗೆ ತಲೆ ಬಿಟ್ಟು ಕೈ ಹಿಂದಕ್ಕೆಳೆದು ಮುಚ್ಚಳ ಹಾಕಿದ. ಬೀಗ ಹಾಕಿ ಎರಡು ಸಲ ಎಳೆದು ನೋಡಿದ.

ನಾನು ನೆಲದ ಮೇಲೆ ಕೂತು ಅತ್ತೆ. "ನಂದೇ ತಪ್ಪು ಅಣ್ಣ. ನೀನು ಹೇಳಿದ್ದೆ. ನಾನೇ ಮಗುಚಿ ಹೊಲಿಗೆ ಒಳಗೆ ಹಾಕ್ದೆ, ಚಂದ ಕಾಣ್ಲಿ ಅಂತ."

ಅವನು ಪೆಟ್ಟಿಗೆಯ ಚೀಟಿ ತೆಗೆದುಕೊಂಡ. ಗಾಯದ ಕಾರಣ ಅನ್ನುವ ಜಾಗದಲ್ಲಿ ಬರೆದ: ಚೀಲದ ನೂಲು. ಒಳಗೆ ನೋಡದೆ ಹಾಕಿದವನು ನಾನು. ಕೆಳಗೆ ತನ್ನ ಸಹಿ ಹಾಕಿದ.

"ನೀನ್ಯಾಕೆ ಬರ್ಕೊಳ್ತೀಯ?" ಎಂದು ಕೂಗಿದೆ.

"ಹಾವು ಹಾಕೋ ಮುಂಚೆ ಪ್ರತಿ ಚೀಲಕ್ಕೂ ಕೈ ಹಾಕಿ ನೋಡ್ಬೇಕು, ಅದು ಇಲ್ಲಿನ ನಿಯಮ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿಸಿಲ್ಲ ನಾನು." ಅವನು ನನ್ನ ಕಡೆ ತಿರುಗಲಿಲ್ಲ. "ಇದಕ್ಕೆ ನೋಡ್ಲಿಲ್ಲ. ನಿನ್ನ ಕೈ ಹೊಲಿಗೆ ಅಲ್ವಾ, ನೋಡೋದೇನಿದೆ ಅಂದ್ಕೊಂಡೆ."

ಒಂದು ಬೈಗುಳ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಆ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಸಂಜೆ ಡಾಕ್ಟರಮ್ಮ ಬಂದು ಗಾಯಕ್ಕೆ ಔಷಧಿ ಹಚ್ಚಿಸಿದರು, ಒಂದು ವಾರ ಬಿಡುವುದು ಬೇಡ ಎಂದರು. ಆರನೇ ದಿನ ಅಣ್ಣ ಅಂಗಡಿಗೆ ಓಡಿಬಂದ. "ಬೇಗ ಬಾ" ಎಂದ. ಮಷಿನ್‌ನಲ್ಲಿ ಸಿಕ್ಕಿದ್ದ ಅಂಗಿಯನ್ನು ಹಾಗೇ ಬಿಟ್ಟು ಅವನ ಸೈಕಲ್ ಹಿಂದೆ ಕೂತೆ. ಆ ಹಾವಿನ ಜಾತಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಪೆಟ್ಟಿಗೆಯ ಜಾಲರಿಯಲ್ಲಿ ನೋಡಿದೆ. ತೆಳ್ಳನೆಯ ಪೊರೆಯೊಳಗೆ ಸುತ್ತಿಕೊಂಡು ಒಂದು ಮರಿ ಬಂತು. ಪೊರೆ ಹರಿದು, ತಲೆ ಹೊರಗೆ ಹಾಕಿ, ನಾಲಿಗೆ ಚಾಚಿ ಗಾಳಿಯನ್ನು ನೋಡಿತು. ಗೇಣುದ್ದ ಇಲ್ಲ, ಬೆನ್ನ ಮೇಲೆ ಅದೇ ಮೂರು ಸಾಲು ಮಂಡಲ, ಒಂದೂ ಬಿಟ್ಟುಹೋಗಿಲ್ಲ. ಹುಟ್ಟಿದ ಗಳಿಗೆಯಿಂದಲೇ ಹಲ್ಲಿದೆ, ವಿಷವಿದೆ, ಯಾರೂ ಹಾಲು ಕುಡಿಸುವುದಿಲ್ಲ, ಯಾರೂ ನಡೆಯಲು ಕಲಿಸುವುದಿಲ್ಲ ಎಂದು ಅಣ್ಣ ಪಿಸುಗುಟ್ಟಿದ. ನಾವಿಬ್ಬರೂ ಊಟ ಮರೆತು ಕೂತೆವು. ಒಟ್ಟು ಮೂವತ್ತೊಂದು. ನಾನು ಎರಡು ಸಲ ಎಣಿಸಿದೆ. ಮೂವತ್ತೊಂದು ಜೀವ, ತಾಯಿಯೊಂದು ಸೇರಿ ಮೂವತ್ತೆರಡು, ನನ್ನ ಒಂದು ಎಳೆ ನೂಲು.

ಕಲ್ಲುಕ್ವಾರಿಗೆ ಬಿಡಲು ಹೋದಾಗ ನನ್ನನ್ನೂ ಕರೆದುಕೊಂಡು ಹೋದರು. ಬೆಳಗಿನ ಬಿಸಿಲು, ಒಣಹುಲ್ಲು, ದೊಡ್ಡ ದೊಡ್ಡ ಬಂಡೆ. ಮರಿಗಳು ನೀರು ಚೆಲ್ಲಿದಂತೆ ಹುಲ್ಲಿನೊಳಗೆ ಹರಿದುಹೋದವು. ತಾಯಿ ನಿಧಾನಕ್ಕೆ ಇಳಿಯಿತು. ಕುತ್ತಿಗೆಯ ಮೇಲೆ ನೂಲಿನ ಗುರುತು ಬಿಳಿಯ ಗೆರೆಯಾಗಿ ಉಳಿದಿತ್ತು. ಬಂಡೆಯ ನೆರಳಿಗೆ ಹೋದಮೇಲೆ ಯಾವುದು ಎಲೆ, ಯಾವುದು ಹಾವು ತಿಳಿಯಲಿಲ್ಲ. ನಾನು ಅಲ್ಲೇ ಬಹಳ ಹೊತ್ತು ನಿಂತಿದ್ದೆ. ಬಾ, ಹೊತ್ತಾಯ್ತು ಎಂದು ಅಣ್ಣನೇ ಕೈ ಹಿಡಿದು ಕರೆದುಕೊಂಡು ಬಂದ, ಅರ್ಧಬೆರಳಿನ ಕೈಯಲ್ಲಿ.

ಕಳೆದ ವರ್ಷ ಅಣ್ಣ ನಿವೃತ್ತನಾದ. ಎರಡನೇ ಸಲ ಕಚ್ಚಿಸಿಕೊಳ್ಳದೆ ಮನೆಗೆ ಬಂದ ಎಂದು ಅತ್ತಿಗೆ ಆ ದಿನ ಅವನ ಕೈ ಹಿಡಿದುಕೊಂಡು ಕೂತಿದ್ದಳು. ಈಗಲೂ ಬೀದಿಯಲ್ಲಿ ಹಾವು ಕಂಡರೆ ಕೊಕ್ಕೆ ಕೋಲು ಹಿಡಿದು ಅವನೇ ಹೋಗುತ್ತಾನೆ. ಕೋಲು ದೊಣ್ಣೆ ತಂದವರನ್ನು ತಡೆಯುವ ಕೆಲಸ ನನ್ನದು, ಅದಕ್ಕೆ ನನ್ನ ಬಾಯಿ ಸಾಕು.

ಹಾವಿನ ಕೋಣೆಯ ಚೀಲಗಳು ಇವತ್ತಿಗೂ ನನ್ನ ಅಂಗಡಿಯಿಂದಲೇ ಹೋಗುತ್ತವೆ, ಹೊಲಿಗೆ ಹೊರಗೆ. ಕಳಿಸುವ ಮುಂಚೆ ಪ್ರತಿ ಚೀಲದೊಳಗೂ ಮೊಣಕೈ ತನಕ ಕೈ ಇಳಿಸಿ, ಕಣ್ಣು ಮುಚ್ಚಿ, ಮೂಲೆ ಮೂಲೆ ತಡವುತ್ತೇನೆ. ಬೆರಳಿಗೆ ಒಂದು ಎಳೆ ತಾಗಿದರೂ ಅದು ವಾಪಸ್ ಮಷಿನ್‌ಗೆ. ಮೊನ್ನೆ ಒಬ್ಬ ಗಿರಾಕಿ ತನ್ನ ಅಂಗಿ ತಿರುಗಿಸಿ ತಿರುಗಿಸಿ ನೋಡುತ್ತ, ಇದನ್ನೆಲ್ಲ ಗಮನಿಸುತ್ತ ನಿಂತಿದ್ದ. ಆಮೇಲೆ ಮುಖ ಗಂಟು ಹಾಕಿಕೊಂಡು ಕೇಳಿದ, "ಏನಮ್ಮಾ, ನನ್ನ ಅಂಗಿ ಕಾಲರಿನ ಒಳಗೆ ನೂಲು ನೇತಾಡ್ತಿದೆ. ಆ ಹಾವಿನ ಚೀಲಕ್ಕೆ ಮಾತ್ರ ಅಷ್ಟೊಂದು ಉಪಚಾರಾನಾ?"

"ನಿಮಗೆ ಕೈ ಇದೆ, ಕಿತ್ತುಕೊಳ್ಳಿ" ಎಂದೆ. "ಅವಕ್ಕೆ ಕೈಯಿಲ್ಲ."